ಕಾಣದ ಬೆಳಕಿಗೆ ಬಣ್ಣದ ಆಲಿಕೆ

ದೆಹಲಿಯ ಕರೋಲ್ ಬಾಗಿನ ಅಂಗಡಿಸಾಲು ದಾಟಿ ಪೂಸಾ ಕಡೆ ಹೊರಟರೆ ರಾಷ್ಟ್ರೀಯ ಭೌತ ಪ್ರಯೋಗಾಲಯ ಸಿಗುತ್ತದೆ. 1962ರಿಂದ ಮೈಸೂರಿನಲ್ಲಿ ತಯಾರಾಗುತ್ತಿರುವ ಮತದಾನದ ಶಾಯಿಯ ಹಿಂದೆಯೂ ಈ ಪ್ರಯೋಗಾಲಯವಿದೆ. ನೋಟುಗಳಿಗೆಂದು ಅದು ರೂಪಿಸಿದ ಮತ್ತೊಂದು ಶಾಯಿ, 254 ನ್ಯಾನೋಮೀಟರಿನ ಅತಿನೇರಳೆ ಬೆಳಕು ಬಿದ್ದರೆ ಕೆಂಪಾಗಿ, 365ರದು ಬಿದ್ದರೆ ಹಸಿರಾಗಿ ಹೊಳೆಯುತ್ತದೆ. ಹೆಚ್ಚು ಶಕ್ತಿಯ ಬೆಳಕನ್ನು ನುಂಗಿ ಕಡಿಮೆ ಶಕ್ತಿಯದನ್ನು ಹೊರಬಿಡುವುದು ಸಹಜವೆಂದು 1852ರಲ್ಲೇ ವಿಜ್ಞಾನಿ ಸ್ಟೋಕ್ಸ್ ಹೇಳಿದ್ದ. ಈ ಲೆಕ್ಕವನ್ನು ತಲೆಕೆಳಗು ಮಾಡುವ ಹರಳುಗಳೂ ಇವೆ.

1966ರಲ್ಲಿ ಫ್ರಾನ್ಸಿನ ಓಝೆಲ್ ಅದನ್ನು ತೋರಿಸಿದ; ಸೋವಿಯತ್ ನಾಡಿನಲ್ಲಿ ಇನ್ನಿಬ್ಬರು ತಾವಾಗಿಯೇ ಅಲ್ಲಿಗೆ ತಲುಪಿದ್ದರು. ಅಂಥ ಹರಳಿನಲ್ಲಿ ಇಟರ್ಬಿಯಂ ಎಂಬ ಧಾತು 980 ನ್ಯಾನೋಮೀಟರಿನ ಕಾಣದ ಬೆಳಕನ್ನು ಹಿಡಿದು ಪಕ್ಕದ ಅರ್ಬಿಯಂಗೆ ದಾಟಿಸುತ್ತದೆ. ಎರಡು ಕಂತು ಒಟ್ಟಾದಾಗ ಅರ್ಬಿಯಂ ಹಸಿರು ಬೆಳಕು ಬೀರುತ್ತದೆ. ಆದರೆ ಹರಳನ್ನು ನ್ಯಾನೋ ಗಾತ್ರಕ್ಕೆ ಇಳಿಸಿದಾಗ ಹೊಳಪು ಕುಂದಿತು. ಮೇಲ್ಮೈಯಲ್ಲಿ ಶಕ್ತಿ ಸೋರುವುದೇ ಕಾರಣ ಎಂಬ ವಾದ ಸುಳ್ಳಲ್ಲ. ಹರಳಿಗೆ ಹೊರಕವಚ ತೊಡಿಸಿದರೆ ಹೊಳಪು ಏರುವುದೂ ನಿಜ. ಆದರೂ ದೊಡ್ಡ ಕೊರತೆ ಬೆಳಕು ಒಳಬರುವಲ್ಲಿಯೇ ಇತ್ತು ಎನ್ನುವುದು ನನ್ನ ಎಣಿಕೆ. ಇಟರ್ಬಿಯಂ ಬೆಳಕು ಹೀರುವುದು ಅತಿ ಕಡಿಮೆ, ಅದೂ ಇಕ್ಕಟ್ಟಾದ ಒಂದು ಪಟ್ಟಿಯಲ್ಲಿ. ಮಳೆ ಎಷ್ಟು ಸುರಿದರೂ ಕಿರುಬಾಯಿಯ ಹೂಜಿಗೆ ಬೀಳುವುದು ನಾಲ್ಕೇ ಹನಿ. ಬಣ್ಣದ ಅಣುಗಳು ಅದರ ಬಾಯಿಗಿಟ್ಟ ಆಲಿಕೆ. ಸಾವಯವ ಅಣು ಹೀರಿದ ಬೆಳಕಿನಿಂದ ಯೂರೋಪಿಯಂ ಹೊಳೆಯುವುದನ್ನು ವೈಸ್ಮನ್ 1942ರಲ್ಲೇ ಕಂಡಿದ್ದ. ಆ ಉಪಾಯ ಈ ಹರಳುಗಳ ಮೇಲೆ ಭರ್ಜರಿಯಾಗಿ ಫಲಿಸಿದ್ದು 2012ರಲ್ಲಿ, ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್‌ನಲ್ಲಿ. ಐಆರ್-806 ಎಂಬ ಬಣ್ಣವನ್ನು ಅಂಟಿಸಿದಾಗ ಒಟ್ಟು ಫಲ ಸುಮಾರು 3,300 ಪಟ್ಟು ಹೆಚ್ಚಿತು.

ಮೊದಲಿದ್ದ ಹೊಳಪೇ ಅಷ್ಟು ಸಣ್ಣದಿದ್ದಾಗ ಈ ಪಟ್ಟಿನ ಲೆಕ್ಕಕ್ಕೆ ಏನು ಬೆಲೆ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಅಗಲವಾದ ತರಂಗಪಟ್ಟಿಯಿಂದ ಬೆಳಕು ಹಿಡಿಯುವ ಲಾಭವೂ ಆ 3,300ರಲ್ಲಿ ಸೇರಿದೆ. ಒಂದೇ ಬಣ್ಣದ ಲೇಸರ್ ಬಳಸುವವನಿಗೆ ಅಷ್ಟೂ ದಕ್ಕದು. ಆದರೆ ಬೆಳಕು ಬರುವ ದಾರಿ ಅಗಲವಾದೊಡನೆ ಫಲ ಏರಿತೆಂದರೆ, ಕೊರತೆ ಅಲ್ಲೇ ಇತ್ತೆಂಬ ನನ್ನ ಮಾತಿಗೆ ಅದೇ ಸಾಕ್ಷಿ. 2018ರಲ್ಲಿ ಅಮೆರಿಕದ ಬರ್ಕ್ಲಿಯವರು ಇನ್ನೂ ಒಳಗೆ ಹೊಕ್ಕರು. ಹರಳಿನಲ್ಲಿ ಗ್ಯಾಡೊಲಿನಿಯಂ ಹೆಚ್ಚಿಸಿದರೆ ಬಣ್ಣದ ಅಣು ಟ್ರಿಪ್ಲೆಟ್ ಎಂಬ ದೀರ್ಘಾಯುಷ್ಯದ ಸ್ಥಿತಿಗೆ ಜಾರಿ, ಅಲ್ಲಿಂದ ಶಕ್ತಿಯನ್ನು ಹರಳಿಗೆ ಒಪ್ಪಿಸುತ್ತದೆ.

ಗಟ್ಟಿ ಆಕ್ಷೇಪ ಬೇರೆಯೇ ಇದೆ: ಆಮ್ಲಜನಕ ಆ ಸ್ಥಿತಿಯನ್ನು ಕೆಡಿಸುತ್ತದೆ, ಬೆಳಕಿಗೆ ಬಣ್ಣವೂ ಮಾಸುತ್ತದೆ. ವರ್ಷಗಟ್ಟಲೆ ಜೇಬಿನಿಂದ ಜೇಬಿಗೆ ಅಲೆಯುವ ನೋಟಿಗೆ ಇಂಥ ಅಣು ಒಗ್ಗದು. ಆದರೆ ಜೀವಕೋಶದ ಚಿತ್ರ ತೆಗೆಯುವವರಿಗೆ ಬೇಕಾದ್ದು ಹಲವೊಮ್ಮೆ ನಿಮಿಷಗಳ ಹೊಳಪು. ಮೇಲಾಗಿ ಐಆರ್-806 ಹೀರುವ 800ರ ಸುತ್ತಲಿನ ಬೆಳಕನ್ನು ನೀರು 980ರದಕ್ಕಿಂತ ಕಡಿಮೆ ಹೀರುವುದರಿಂದ, ಅಂಗಾಂಶವೂ ಅಷ್ಟು ಬಿಸಿಯಾಗದು.