ಬೀಗ ಬಿದ್ದ ಮನೆ, ಬಾಡಿಗೆಯ ಮಗ್ಗ



ದೊಡ್ಡಬಳ್ಳಾಪುರದ ಅನೇಕ ನೇಕಾರರಿಗೆ ಮನೆಯೆಂದರೆ ಬರೀ ಮಲಗುವ ಜಾಗವಲ್ಲ. ವಿದ್ಯುತ್ ಮಗ್ಗ ನಡೆಯುವುದೂ ಅಲ್ಲೇ. ಬಾಡಿಗೆ ಮನೆ ಬಿಡಿಸಿದರೆ ಅವರ ಕಾಯಕವೂ ನಿಲ್ಲುತ್ತದೆ. ಬೆಂಗಳೂರು ಸುಮಾರು 40 ಕಿಲೋಮೀಟರ್ ದೂರ. ಅಲ್ಲಿನ ಹಣ ಇಲ್ಲಿ ನಿವೇಶನ ಕೊಂಡು, ಬೇಲಿ ಹಾಕಿ, ಬೆಲೆ ಏರಲೆಂದು ಕಾಯುತ್ತದೆ. ಬಡಾವಣೆಗಳು ಬೆಳೆಯುತ್ತವೆ, ದುಡಿಯುವವರ ಕೈಗೆಟುಕುವ ಮನೆಗಳು ಬೆಳೆಯುವುದಿಲ್ಲ.

ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡವೆನ್ನುತ್ತದೆ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ. ನಾವೋ ಹತ್ತು ತಿಂಗಳದ್ದು ಕೇಳುತ್ತೇವೆ; ಅದಕ್ಕೂ ಮೊದಲು ಜಾತಿ ಕೇಳುತ್ತೇವೆ! ದಾಸೋಹದ ಮಾತಾಡುವ ನಮ್ಮಲ್ಲಿ ಎಷ್ಟು ಜನರ ಎರಡನೇ ಮನೆಗೆ ಬೀಗ ಬಿದ್ದಿದೆ? ಆ ಬೀಗ ತೆಗೆಯೋಣ. ಜಾತಿ ಕೇಳದೆ, ಎರಡೇ ತಿಂಗಳ ಮುಂಗಡಕ್ಕೆ, ದುಡಿಯುವವರಿಗೆ ಕೊಡೋಣ.