ಹೊಟ್ಟೆನೋವನ್ನು ಹೇಳಲಾಗದ ಮಗು
(ಆಟಿಸಂ ಇರುವ ಮಕ್ಕಳ ಪಾಲಕರಿಗಾಗಿ ನೀಡಿದ ಉಪನ್ಯಾಸ)



ನಿಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ ಇದು: ‘ಡಾಕ್ಟರೇ, ಕರುಳಿನ ಬ್ಯಾಕ್ಟೀರಿಯಾ ಸರಿಯಾದರೆ ಮಗುವಿಗೆ ಮಾತು ಬರುತ್ತದಂತೆ, ನಿಜವೇ?’ ಆಸೆ ಸಹಜ. ಆದರೆ ತಿಳಿದಿರುವುದನ್ನು ಇದ್ದಂತೆಯೇ ಹೇಳುವುದು ವೈದ್ಯರ ಕರ್ತವ್ಯ.

ನಮ್ಮೆಲ್ಲರ ಕರುಳಿನಲ್ಲೂ ಜೀರ್ಣಕ್ರಿಯೆಗೆ ನೆರವಾಗುವ ಅಸಂಖ್ಯ ಬ್ಯಾಕ್ಟೀರಿಯಾಗಳಿವೆ. ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ, ಭೇದಿ, ಹೊಟ್ಟೆನೋವು ಇತರ ಮಕ್ಕಳಿಗಿಂತ ಹೆಚ್ಚು. ಆದ್ದರಿಂದಲೇ ವಿಜ್ಞಾನಿಗಳ ಗಮನ ಕರುಳಿನತ್ತ ಹರಿಯಿತು. ಅಮೆರಿಕದಲ್ಲಿ 11 ಮಕ್ಕಳಿಗೆ ವ್ಯಾಂಕೋಮೈಸಿನ್ ಎಂಬ ಆಂಟಿಬಯೋಟಿಕ್ ಕುಡಿಸಿ ನೋಡಿದ ವರದಿ 2000ರಲ್ಲಿ ಪ್ರಕಟವಾಯಿತು. ಹೆಚ್ಚಿನವರಲ್ಲಿ ಸುಧಾರಣೆ ಕಂಡಿತು. ಔಷಧ ನಿಲ್ಲಿಸಿದ ಮೇಲೆ ಅದು ಉಳಿಯಲಿಲ್ಲ. 2017ರಲ್ಲಿ ಅಲ್ಲಿಯೇ 18 ಮಕ್ಕಳಿಗೆ ಆರೋಗ್ಯವಂತರ ಮಲದಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಕೊಟ್ಟಾಗ ಹೊಟ್ಟೆಯ ತೊಂದರೆ ತಗ್ಗಿತು, ವರ್ತನೆಯೂ ಸುಧಾರಿಸಿತು. ಆದರೆ ಹೋಲಿಸಿ ನೋಡಲು ಹುಸಿ ಔಷಧ ಪಡೆದ ಗುಂಪು ಅದರಲ್ಲಿರಲಿಲ್ಲ.

2021ರಲ್ಲಿ ಆಸ್ಟ್ರೇಲಿಯಾದವರು ಆಟಿಸಂ ಇರುವ ಹಾಗೂ ಇಲ್ಲದ ಒಟ್ಟು 247 ಮಕ್ಕಳ ಮಲವನ್ನು ಪರೀಕ್ಷಿಸಿದರು. ಆಟಿಸಂಗೂ ಬ್ಯಾಕ್ಟೀರಿಯಾಗೂ ನೇರ ಸಂಬಂಧ ತೀರಾ ಅಲ್ಪವೆಂದು ಕಂಡುಬಂತು. ಊಟದಲ್ಲಿ ಬಗೆ ಕಡಿಮೆಯಾದಲ್ಲಿ ಬ್ಯಾಕ್ಟೀರಿಯಾಗಳ ಬಗೆಯೂ ಕಡಿಮೆಯಿತ್ತು. ಅಂದರೆ ಕರುಳು ಕೆಟ್ಟು ಆಟಿಸಂ ಬಂತು ಎನ್ನುವುದಕ್ಕಿಂತ, ಬರೀ ಬಿಳಿ ಅನ್ನ, ಬಿಸ್ಕತ್ತು ಬೇಡುವ ಮಗುವಿನ ಕರುಳು ಅದರಿಂದ ಬದಲಾಯಿತು ಎನ್ನುವುದೇ ಈ ಅಧ್ಯಯನಕ್ಕೆ ಹೆಚ್ಚು ಒಪ್ಪುತ್ತದೆ.

ಹಾಗೆಂದು ಹೊಟ್ಟೆಯನ್ನು ಅಲಕ್ಷಿಸಬಾರದು. ಮಾತು ಬಾರದ ಮಗು ರಾತ್ರಿಯೆಲ್ಲ ಅಳುವುದು, ಹೊಟ್ಟೆಯನ್ನು ಒತ್ತಿಕೊಳ್ಳುವುದು, ತಲೆ ಬಡಿದುಕೊಳ್ಳುವುದು ಬರೀ ಹಟವಲ್ಲ. ನೋವನ್ನು ತಿಳಿಸುವ ರೀತಿಯೂ ಆಗಿರಬಹುದು. ಮಲಬದ್ಧತೆ ವಾಸಿಯಾದರೆ ಆಟಿಸಂ ಹೋಗದು. ಆದರೆ ನೋವು ಕಳೆದ ಮಗು ನಿದ್ದೆ ಮಾಡೀತು, ಕಲಿಯಲು ಕೂತೀತು.

ಆದ್ದರಿಂದ ಗಮನಿಸಿ:

1. ಎರಡು ವಾರ ಮಗುವಿನ ಊಟ, ನಿದ್ದೆ, ಮಲವಿಸರ್ಜನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು ವೈದ್ಯರಿಗೆ ತೋರಿಸಿ.

2. ಹೊಸ ಪದಾರ್ಥವನ್ನು ಒಂದೊಂದಾಗಿ, ಒಂದೊಂದೇ ಚಮಚ ರೂಢಿ ಮಾಡಿಸಿ. ಒತ್ತಾಯ ಬೇಡ.

3. ವೈದ್ಯರನ್ನು ಕೇಳದೆ ಆಂಟಿಬಯೋಟಿಕ್ ಕೊಡಬೇಡಿ. ಹಾಲು, ಗೋಧಿ ಬಿಡಿಸಬೇಡಿ. ಮೊದಲೇ ಕಡಿಮೆ ತಿನ್ನುವ ಮಗು ಇನ್ನೂ ಸೊರಗುತ್ತದೆ.

4. ಮಲದ ಬ್ಯಾಕ್ಟೀರಿಯಾ ಚಿಕಿತ್ಸೆಯ ಜಾಹೀರಾತಿಗೆ ಮರುಳಾಗಬೇಡಿ. ಬೇರೆ ಕಾಯಿಲೆಗಾಗಿ ಅದನ್ನು ಪಡೆದ ರೋಗಿಯೊಬ್ಬರು ಸೋಂಕಿನಿಂದ ಮೃತಪಟ್ಟರೆಂದು 2019ರಲ್ಲಿ ಅಮೆರಿಕ ಸರ್ಕಾರದ ಔಷಧ ಇಲಾಖೆ ಎಚ್ಚರಿಸಿತು.

5. ಮಲದಲ್ಲಿ ರಕ್ತ, ಪದೇ ಪದೇ ವಾಂತಿ, ತೂಕ ಇಳಿಕೆ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ.

6. ಮಾತಿನ ತರಬೇತಿಯನ್ನು ನಡುವೆ ನಿಲ್ಲಿಸಬೇಡಿ.

ತಾಯಂದಿರೇ, ನೀವು ಉಣಿಸಿದ ಊಟದಿಂದ ಮಗುವಿಗೆ ಹೀಗಾಯಿತೆಂದು ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅದಕ್ಕೆ ಆಧಾರವಿಲ್ಲ.