ಬದರಿಯಿಂದ ಉಡುಪಿಗೆ: ಮಧ್ವಾಚಾರ್ಯರ ಮರುಪಯಣ

ಯಾತ್ರೆಯಲ್ಲಿ ದೊರೆತ ಪ್ರೇರಣೆಯು ಯಾತ್ರಿಕನ ಸ್ವಂತ ಊರಿನಲ್ಲಿ ಏನನ್ನು ಕಟ್ಟಿತು ಎಂಬ ಪ್ರಶ್ನೆಗೆ ಕರಾವಳಿ ಕರ್ನಾಟಕದ ಧಾರ್ಮಿಕ ಇತಿಹಾಸವು ನೀಡುವ ಸ್ಪಷ್ಟವಾದ ಉತ್ತರವೆಂದರೆ ಮಧ್ವಾಚಾರ್ಯರ ಬದರಿಯಾತ್ರೆ. ಇದನ್ನು ತಿಳಿಯಲು ಮುಖ್ಯ ಆಧಾರ ನಾರಾಯಣ ಪಂಡಿತಾಚಾರ್ಯರು 16 ಸರ್ಗಗಳಲ್ಲಿ ರಚಿಸಿದ ‘ಸುಮಧ್ವವಿಜಯ’ವೆಂಬ ಸಂಸ್ಕೃತ ಮಹಾಕಾವ್ಯ. ಕವಿಯ ತಂದೆ ತ್ರಿವಿಕ್ರಮ ಪಂಡಿತಾಚಾರ್ಯರು ಆಚಾರ್ಯರ ನೇರ ಶಿಷ್ಯರಾಗಿದ್ದುದರಿಂದ, ಭಕ್ತಿಯ ವರ್ಣನೆಗಳ ನಡುವೆಯೂ ಕಂಡವರಿಂದ ಕೇಳಿದ ಮಾತಿನ ಸತ್ವ ಈ ಕೃತಿಯಲ್ಲಿ ಉಳಿದಿದೆ.

ಉಡುಪಿಯ ಸಮೀಪದ ಪಾಜಕದಲ್ಲಿ ಜನಿಸಿದ ಮಧ್ವರ ಕಾಲವನ್ನು ಅನೇಕ ವಿದ್ವಾಂಸರು 1238ರಿಂದ 1317 ಎಂದು ಗಣಿಸುತ್ತಾರೆ. ಬಾಲ್ಯದಲ್ಲೇ ಅಚ್ಯುತಪ್ರೇಕ್ಷರಿಂದ ಸನ್ಯಾಸ ಪಡೆದ ಅವರು, ಗುರುಗಳು ವಿಮುಕ್ತಾತ್ಮನ ‘ಇಷ್ಟಸಿದ್ಧಿ’ ಎಂಬ ಅದ್ವೈತಗ್ರಂಥವನ್ನು ಪಾಠ ಹೇಳತೊಡಗಿದಾಗಲೇ ಅದಕ್ಕೆ ಆಕ್ಷೇಪವೆತ್ತಿದ್ದರು. ಮುಂದೆ ದಕ್ಷಿಣದ ಕ್ಷೇತ್ರಗಳನ್ನು ಸಂಚರಿಸಿ, ಭಗವದ್ಗೀತೆಗೆ ಭಾಷ್ಯವನ್ನು, ಎಂದರೆ ಮೂಲದ ತಾತ್ಪರ್ಯವನ್ನು ನಿರ್ಣಯಿಸುವ ವ್ಯಾಖ್ಯಾನವನ್ನು, ಬರೆದು, ಅದನ್ನು ವೇದವ್ಯಾಸರಿಗೆ ಅರ್ಪಿಸುವ ಸಂಕಲ್ಪದಿಂದ ಹಿಮಾಲಯಕ್ಕೆ ಹೊರಟರು. ಬದರಿಯಲ್ಲಿ ಅವರು 48 ದಿನ ಉಪವಾಸವಿದ್ದು, ಸನ್ನೆಯಿಂದಲೂ ಭಾವವನ್ನು ತೋರದ ಕಾಷ್ಠಮೌನವನ್ನು ಆಚರಿಸಿ, ಅನಂತರ ಒಬ್ಬರೇ ಮೇಲಿನ ವ್ಯಾಸಾಶ್ರಮದತ್ತ ನಡೆದರೆಂದೂ, ಅಗಲಲಾರದೆ ಹಿಂಬಾಲಿಸಿದ ಶಿಷ್ಯ ಸತ್ಯತೀರ್ಥರನ್ನು ನಡುದಾರಿಯಿಂದಲೇ ಹಿಂದಕ್ಕೆ ಕಳುಹಿಸಿದರೆಂದೂ ಕಾವ್ಯ ಹೇಳುತ್ತದೆ.

ವ್ಯಾಸರ ದರ್ಶನವನ್ನು ಚರಿತ್ರಕಾರನು ಅಳೆಯಲಾರನು; ಅದರ ಫಲವನ್ನು ಮಾತ್ರ ಗುರುತಿಸಬಲ್ಲನು. ಮೊದಲ ಫಲವೆಂದರೆ ಬ್ರಹ್ಮಸೂತ್ರಗಳ ಮೇಲಿನ ಭಾಷ್ಯ. ಜೀವ ಮತ್ತು ಈಶ್ವರರ ಭೇದ ನಿತ್ಯವಾದದ್ದೆಂದು ಸಾರುವ ದ್ವೈತದರ್ಶನಕ್ಕೆ ಅದೇ ಅಡಿಪಾಯ. ಎರಡನೆಯದು ಮರುಪಯಣದ ಹಾದಿಯಲ್ಲೇ ಕಾಣಿಸಿಕೊಂಡಿತು: ಗೋದಾವರಿಯ ಪ್ರಾಂತದಲ್ಲಿ ವಾದಕ್ಕೆ ನಿಂತ ಶೋಭನಭಟ್ಟರು ಶಿಷ್ಯತ್ವವನ್ನು ಸ್ವೀಕರಿಸಿ ಪದ್ಮನಾಭತೀರ್ಥರಾದರು, ಆನೆಗೊಂದಿಯ ನವವೃಂದಾವನದಲ್ಲಿ ಇಂದಿಗೂ ಅವರ ವೃಂದಾವನ, ಎಂದರೆ ಯತಿಯ ಸಮಾಧಿ, ಇದೆ.

ಆದರೆ ಹೆಚ್ಚು ಕಠಿಣವಾದ ಪರೀಕ್ಷೆ ಉಡುಪಿಯಲ್ಲೇ ಕಾದಿತ್ತು. ಪರದೇಶದ ಪಂಡಿತನನ್ನು ಒಂದು ಸಭೆಯಲ್ಲಿ ಒಪ್ಪಿಸಬಹುದು. ಬಾಲ್ಯದಿಂದ ಬಲ್ಲ ಗುರುವನ್ನು ಒಪ್ಪಿಸಲು ವಾದಪಟುತ್ವವೊಂದೇ ಸಾಲದು, ಬಾಳೂ ಸಾಕ್ಷಿ ನುಡಿಯಬೇಕು. ಅಚ್ಯುತಪ್ರೇಕ್ಷರು ತಮ್ಮ ಹಳೆಯ ನಿಲುವನ್ನು ಬಿಟ್ಟು ಶಿಷ್ಯನ ಭಾಷ್ಯವನ್ನು ಮನ್ನಿಸಿದ್ದು ಈ ಕಾರಣದಿಂದ ಇಡೀ ಯಾತ್ರೆಯ ಶಿಖರವೆನ್ನಲು ಯೋಗ್ಯವಾಗಿದೆ. ಇಲ್ಲಿ ಶಿಷ್ಯನ ದೃಢತೆಯಷ್ಟೇ ಗುರುವಿನ ಔದಾರ್ಯವೂ ಪೂಜ್ಯವಾದದ್ದು.

ಯಾತ್ರೆಯ ಫಲ ಗ್ರಂಥ ಮತ್ತು ವಾದಗಳಲ್ಲೇ ನಿಲ್ಲದೆ ಊರಿನ ಪೂಜೆಯಲ್ಲೂ ರೂಪ ತಾಳಿತು. ಮಧ್ವರು ಉಡುಪಿಯಲ್ಲಿ ಪ್ರತಿಷ್ಠಾಪಿಸಿದ ಕೃಷ್ಣನ ಮೂರ್ತಿಯು ದ್ವಾರಕೆಯಿಂದ ಬಂದ ಹಡಗಿನ ಗೋಪೀಚಂದನದ ಗಡ್ಡೆಯಲ್ಲಿ, ಎಂದರೆ ನಾಮಕ್ಕೆ ಬಳಸುವ ಜೇಡಿಮಣ್ಣಿನ ಉಂಡೆಯಲ್ಲಿ, ಮಲ್ಪೆಯ ಕಡಲತೀರದಲ್ಲಿ ದೊರೆಯಿತೆಂಬುದು ಸಂಪ್ರದಾಯದ ನಂಬಿಕೆ. ಆ ಮೂರ್ತಿಯ ಪೂಜೆಯನ್ನು ಎಂಟು ಮಂದಿ ಯತಿಗಳಿಗೆ ಸರದಿಯಂತೆ ವಹಿಸಿದ ಏರ್ಪಾಡೇ ಪರ್ಯಾಯ. ಮೊದಲು ಎರಡು ತಿಂಗಳಿದ್ದ ಸರದಿಯನ್ನು 16ನೆಯ ಶತಮಾನದಲ್ಲಿ ಅದೇ ಪರಂಪರೆಯ ಯತಿ ವಾದಿರಾಜರು ಎರಡು ವರ್ಷಕ್ಕೆ ವಿಸ್ತರಿಸಿದರು. ದೂರದ ಹಿಮಾಲಯವನ್ನು ತಲುಪಲಾರದ ರೈತನಿಗೂ ಮೀನುಗಾರನಿಗೂ ಹತ್ತಿರದಲ್ಲೇ ಒಂದು ಕ್ಷೇತ್ರ ಹೀಗೆ ಒದಗಿತು.

ಆಚಾರ್ಯರು ಬದರಿಗೆ ಮತ್ತೊಮ್ಮೆ ಹೋಗಿಬಂದರು. ಕಡೆಗೆ ಉಡುಪಿಯ ಅನಂತೇಶ್ವರ ದೇಗುಲದಿಂದ ಕಣ್ಮರೆಯಾಗಿ ಬದರಿಗೇ ತೆರಳಿದರೆಂದು ಭಕ್ತರು ನಂಬುತ್ತಾರೆ. ಮನಸ್ಸು ಬದರಿಯಲ್ಲಿ ನೆಲೆಸಿದ್ದರೂ ಬಾಳಿನ ದುಡಿಮೆಯನ್ನು ಅವರು ಉಡುಪಿಗೆ ಸಲ್ಲಿಸಿದರು. ಯಾತ್ರೆಯಲ್ಲಿ ಪಡೆದ ಬೆಳಕು ಯಾತ್ರಿಕನ ಖಾಸಗಿ ಸೊತ್ತಲ್ಲ, ಹೊರಡಲಾಗದೆ ಊರಿನಲ್ಲುಳಿದವರಿಗೂ ಅದರಲ್ಲಿ ಪಾಲಿದೆ ಎಂಬ ಧರ್ಮವನ್ನು ಈ ಮರುಪಯಣ ಸ್ಥಾಪಿಸಿದೆ. ತೀರ್ಥಯಾತ್ರೆಗಳು ಸುಲಭವಾಗಿರುವ ಇಂದಿನ ಕಾಲದಲ್ಲಿ ಪ್ರತಿಯೊಬ್ಬ ಯಾತ್ರಿಕನೂ ಆ ಪಾಲನ್ನು ಸಲ್ಲಿಸುವ ಹೊಣೆಯನ್ನು ಹೊರಬೇಕಾಗಿದೆ.